ಸ್ಕೀ ಆಮೇಲೆ, ಬೂಟು ಬೈಂಡಿಂಗ್ ಮೊದಲು

2026ರ ಫೆಬ್ರುವರಿಯಲ್ಲಿ ಇಟಲಿಯ ಬೋರ್ಮಿಯೊದಲ್ಲಿ ಸ್ಕೀ ಪರ್ವತಾರೋಹಣ ಮೊದಲ ಬಾರಿಗೆ ಒಲಿಂಪಿಕ್ಸ್ ಅಂಗಳಕ್ಕೆ ಬಂತು. ಅದು ಗಡಿಯಾರದೊಂದಿಗೆ ಓಡುವ ಆಟ. ಅದೇ ಕಸುಬನ್ನು ಆರಾಮವಾಗಿ, ಲಿಫ್ಟಾಗಲಿ ಹಾಸಿಟ್ಟ ದಾರಿಯಾಗಲಿ ಇಲ್ಲದ ಬೆಟ್ಟದಲ್ಲಿ ಮಾಡುವುದೇ ಸ್ಕೀ ಟೂರಿಂಗ್. ಸ್ಕೀಯ ತಳಕ್ಕೆ ‘ಸ್ಕಿನ್’ ಎಂಬ ರೋಮದ ಪಟ್ಟಿ ಅಂಟಿಸಿಕೊಂಡು ಹತ್ತಬೇಕು, ನೆತ್ತಿಯಲ್ಲಿ ಅದನ್ನು ಕಿತ್ತು ಚೀಲಕ್ಕೆ ತುರುಕಿ ಇಳಿಯಬೇಕು. ಕೊಡಗಿನ ಸ್ಕೀ ಆಟಗಾರ್ತಿ ಭವಾನಿ ತೆಕ್ಕಡ ನಂಜುಂಡ ಅವರಿಂದಾಗಿ ನಮಗೆ ಪರಿಚಯವಾದ ಕ್ರಾಸ್-ಕಂಟ್ರಿ ಸ್ಕೀಯಿಂಗ್ ಬೇರೆ. ಅದರಲ್ಲಿ ಹಿಮ್ಮಡಿ ಯಾವಾಗಲೂ ಬಿಡುಬೀಸು. ಟೂರಿಂಗ್‌ನಲ್ಲಿ ಹತ್ತುವಾಗ ಮಾತ್ರ ಅದಕ್ಕೆ ಬಿಡುಗಡೆ, ಇಳಿಯುವಾಗ ಬಂಧನ.

ಈ ಎರಡು ಕೆಲಸ ಮಾಡುವ ಪುಟ್ಟ ಯಂತ್ರವೇ ಬೈಂಡಿಂಗ್. ಹೊಸಬರು ಸ್ಕೀಯ ಬಣ್ಣ, ಅಗಲ, ಉದ್ದಗಳ ಬಗ್ಗೆ ವಾರಗಟ್ಟಲೆ ತಲೆ ಕೆಡಿಸಿಕೊಂಡು, ಬೈಂಡಿಂಗನ್ನು ಅಂಗಡಿಯವನ ಮರ್ಜಿಗೆ ಬಿಡುತ್ತಾರೆ. ನನ್ನ ಮಟ್ಟಿಗೆ ಇದು ತಲೆಕೆಳಗಾದ ಕ್ರಮ. ಮೊದಲು ಕಾಲಿಗೆ ಸರಿಹೊಂದುವ ಬೂಟು, ಆ ಬೂಟಿಗೆ ಒಪ್ಪುವ ಬೈಂಡಿಂಗ್, ಕೊನೆಗೆ ಸ್ಕೀ.

ಹಿಂದೆ ಚಲಾವಣೆಯಲ್ಲಿದ್ದದ್ದು ಫ್ರೇಮ್ ಬೈಂಡಿಂಗ್. ಬೂಟು ಒಂದು ಚೌಕಟ್ಟಿನಲ್ಲಿ ಕೂರುತ್ತದೆ, ಹತ್ತುವಾಗ ಹಿಮ್ಮಡಿಯ ಜೊತೆಗೆ ಇಡೀ ಚೌಕಟ್ಟೂ ಏಳುತ್ತದೆ. ಒಂದು ಕಾಲಿಗೆ ಒಂದು ಕಿಲೋ, ಕೆಲವು ಮಾದರಿಗಳಲ್ಲಿ ಇನ್ನೂ ಹೆಚ್ಚು. ಸಾವಿರ ಮೀಟರ್ ಎತ್ತರ ಏರಲು ಇಳಿಜಾರನ್ನು ಅವಲಂಬಿಸಿ ಐದಾರು ಸಾವಿರ ಹೆಜ್ಜೆ ಬೇಕು. ಸ್ಕೀಯನ್ನು ಎತ್ತದೆ ಹಿಮದ ಮೇಲೆ ಜಾರಿಸುತ್ತಾ ನಡೆಯಬಹುದು, ಅನುಭವಿಗಳು ಹಾಗೇ ನಡೆಯುತ್ತಾರೆ. ಆದರೆ ಚೌಕಟ್ಟನ್ನು ಪ್ರತಿ ಹೆಜ್ಜೆಗೂ ಎತ್ತಲೇಬೇಕು.

ಇದಕ್ಕೆ ಉತ್ತರ ಕಂಡುಕೊಂಡವರು ಆಸ್ಟ್ರಿಯಾದ ಟಿರೋಲ್ ಪ್ರಾಂತ್ಯದ ಫ್ರಿಟ್ಸ್ ಬಾರ್ಟೆಲ್. ಭಾರದ ಸಲಕರಣೆ ಹೊತ್ತು ಮೋಂ ಬ್ಲಾಂ ಹತ್ತಿ ಹೈರಾಣಾದ ಮೇಲೆ ಅವರು ಚೌಕಟ್ಟನ್ನೇ ತೆಗೆದುಹಾಕಿದರು. ಗಟ್ಟಿಯಾದ ಬೂಟು ಇರುವಾಗ ಅದಕ್ಕೆ ಇನ್ನೊಂದು ಚೌಕಟ್ಟು ಏಕೆ ಎಂಬುದು ಅವರ ತರ್ಕ. ಬೂಟಿನ ಮೂತಿಯ ಎರಡೂ ಬದಿಯಲ್ಲಿ ಉಕ್ಕಿನ ಕುಳಿಗಳು, ಅವನ್ನು ಕಚ್ಚಿ ಹಿಡಿಯಲು ಸ್ಪ್ರಿಂಗಿನ ಎರಡು ಪಿನ್ನುಗಳು. ಹಿಂದೆ ಇನ್ನೆರಡು ಪಿನ್ನು, ಇಳಿಯುವಾಗ ಮಾತ್ರ ಅವಕ್ಕೆ ಕೆಲಸ. ಹತ್ತುವಾಗ ಹವಾಯಿ ಚಪ್ಪಲಿಯಲ್ಲಿ ನಡೆದಂತೆ ಬರೀ ಹಿಮ್ಮಡಿ ಏಳುತ್ತದೆ, ಲೋಹವೆಲ್ಲ ಸ್ಕೀಯ ಮೇಲೇ ಉಳಿಯುತ್ತದೆ. 1980ರ ದಶಕದ ಈ ವಿನ್ಯಾಸವನ್ನು ಆಮೇಲೆ ಡೈನಾಫಿಟ್ ಕಂಪನಿ ಮಾರುಕಟ್ಟೆಗೆ ತಂದಿತು. ಇವತ್ತು ಬಹುತೇಕ ಎಲ್ಲ ತಯಾರಕರೂ ಅದರದೇ ಒಂದೊಂದು ರೂಪ ಮಾರುತ್ತಾರೆ.

ತೂಕ ಇಳಿದದ್ದಕ್ಕೆ ಬೆಲೆಯೂ ಇದೆ. ಸಾಮಾನ್ಯ ಇಳಿಜಾರಿನ ಬೈಂಡಿಂಗ್‌ನಲ್ಲಿ ಕಾಲು ತಿರುಚಿದಾಗ ಬೂಟು ಮುಂಭಾಗದಿಂದ ಪಕ್ಕಕ್ಕೆ ಬಿಡುಗಡೆಯಾಗುತ್ತದೆ. ಹೆಚ್ಚಿನ ಪಿನ್ ಮಾದರಿಗಳಲ್ಲಿ ಆ ಬಿಡುಗಡೆ ಹಿಮ್ಮಡಿಯ ಕಡೆಯಿಂದ. ಹೊಡೆತವನ್ನು ತಾಳಿ ಮತ್ತೆ ಸ್ವಸ್ಥಾನಕ್ಕೆ ಮರಳುವ ಸ್ಥಿತಿಸ್ಥಾಪಕತೆಯೂ ಅವಕ್ಕೆ ಕಡಿಮೆ. ಗಟ್ಟಿ ಹಿಮದಲ್ಲಿ ವೇಗವಾಗಿ ಇಳಿಯುವವರಿಗೆ ಇದು ಮೊಣಕಾಲಿನ ಪ್ರಶ್ನೆ. ಎಷ್ಟು ಒತ್ತಡಕ್ಕೆ ಬೂಟು ಕಳಚಬೇಕೆಂಬ ಬಿಡುಗಡೆಯ ಅಂಕಿಯನ್ನು ತೂಕ, ಎತ್ತರ, ವಯಸ್ಸು, ಬೂಟಿನ ತಳದ ಉದ್ದ, ಸ್ಕೀ ಮಾಡುವ ಶೈಲಿ ನೋಡಿ ನಿಗದಿ ಮಾಡುತ್ತಾರೆ. ಗೆಳೆಯನ ಅಂಕಿ ನಿಮಗೆ ಉಪಯೋಗಕ್ಕೆ ಬಾರದು. ಮುಂಭಾಗದ ಸ್ಪ್ರಿಂಗಿನ ಕೆಳಗೆ ಹಿಮ ಗಟ್ಟಿಯಾಗಿ ಕೂತರೆ ಪಿನ್ನು ಪೂರ್ತಿ ಮುಚ್ಚಿಕೊಳ್ಳದೆ ನಡುದಾರಿಯಲ್ಲಿ ಬೂಟು ಕಳಚಬಹುದು. ಒಂದು ಚೂಪು ಕಡ್ಡಿ ಜೇಬಿನಲ್ಲಿರಲಿ.

ಇಳಿಜಾರಿನ ಬೈಂಡಿಂಗ್ ಮತ್ತು ಪಿನ್ ಬೈಂಡಿಂಗ್‌ಗಳ ನಡುವೆ ಹೈಬ್ರಿಡ್ ಇದೆ. ಸಾಲೊಮನ್ 2018ರಲ್ಲಿ ತಂದ ಶಿಫ್ಟ್ ಹತ್ತುವಾಗ ಪಿನ್, ಇಳಿಯುವಾಗ ಸಾಮಾನ್ಯ ಬೈಂಡಿಂಗ್. ತೂಕ ಒಂದಕ್ಕೆ ಸುಮಾರು 900 ಗ್ರಾಂ. ಗುಲ್ಮಾರ್ಗ್‌ನಂಥ ಕಡೆ ಇದಕ್ಕೆ ಅರ್ಥವಿದೆ. ಅಲ್ಲಿನ ಗೊಂಡೋಲಾ ಅಫರ್ವತ್ ಬೆಟ್ಟದ ಹೆಗಲ ಮೇಲೆ, 3,900 ಮೀಟರ್‌ಗೂ ಎತ್ತರಕ್ಕೆ ಬಿಡುತ್ತದೆ. ಆಮೇಲೆ ಹತ್ತುವುದು ಸ್ವಲ್ಪ, ಇಳಿಯುವುದು ಬಹಳ. ಫ್ರಾನ್ಸಿನ ಶಾಮೊನಿಯಿಂದ ಸ್ವಿಟ್ಜರ್ಲೆಂಡಿನ ಝರ್ಮಾಟ್‌ವರೆಗಿನ ‘ಹೋಟ್ ರೂಟ್’ಗೆ ಹೊರಟವರು ವಾರವಿಡೀ ಹತ್ತಿಳಿಯಬೇಕು. ಅವರಿಗೆ ಕಳಚಿದ ಸ್ಕೀ ಜಾರಿಹೋಗದಂತೆ ತಡೆಯುವ ಬ್ರೇಕ್ ಇರುವ, ಬಿಡುಗಡೆ ಹೊಂದಿಸಬಹುದಾದ, 300ರಿಂದ 450 ಗ್ರಾಂನ ಪಿನ್ ಬೈಂಡಿಂಗೇ ಸರಿ. ಸ್ಪರ್ಧೆಯ ನೂರೈವತ್ತು ಗ್ರಾಂಗೂ ಹಗುರ ಮಾದರಿಗಳ ಮೋಹ ಹೊಸಬರಿಗೆ ಬೇಡ.

ಸ್ಕೀಯ ವಿಷಯ ಇಷ್ಟೊಂದು ತೊಡಕಿನದಲ್ಲ. ನಡುವಿನ ಅಗಲ 88ರಿಂದ 98 ಮಿಲಿಮೀಟರ್, ಒಂದರ ತೂಕ 1,300ರಿಂದ 1,500 ಗ್ರಾಂ: ಇದು ಹೆಚ್ಚಿನವರಿಗೆ ಸಾಕು. ಅಗಲ ಹೆಚ್ಚಿದಂತೆ ಪುಡಿಹಿಮದಲ್ಲಿ ತೇಲುತ್ತದೆ, ನಿಜ. ಆದರೆ ಬೆಳಗಿನ ಗಾಜಿನಂಥ ಹಿಮದಲ್ಲಿ ಅಡ್ಡ ನಡೆಯುವಾಗ ಅಂಚು ಹಿಡಿಯುವುದಿಲ್ಲ, ಸ್ಕಿನ್ನಿನ ತೂಕವೂ ಬೆಳೆಯುತ್ತದೆ. ತೀರಾ ಹಗುರಾದ ಸ್ಕೀ ಒರಟು ಹಿಮದಲ್ಲಿ ನಡುಗಿ ಕಾಲು ಸೋಲಿಸುತ್ತದೆ. ಸ್ಕಿನ್‌ನಲ್ಲಿ ಮೊಹೇರ್ ಎಂಬ ಮೇಕೆಯ ರೋಮ ಚೆನ್ನಾಗಿ ಜಾರುತ್ತದೆ, ನೈಲಾನ್ ಚೆನ್ನಾಗಿ ಹಿಡಿಯುತ್ತದೆ. ಎರಡನ್ನೂ ಬೆರೆಸಿದ್ದು ಮೊದಲ ಜೋಡಿಗೆ ಒಳ್ಳೆಯದು.

ಕೈಯಲ್ಲಿ ಹಣ ಕಮ್ಮಿಯಿದ್ದರೆ ಸ್ಕೀಯನ್ನು ಬಾಡಿಗೆಗೆ ತೆಗೆದುಕೊಳ್ಳಿ. ಹಿಮಕುಸಿತದಲ್ಲಿ ಹೂತವರನ್ನು ಹುಡುಕುವ ಬೀಕನ್, ಸಲಿಕೆ, ಹುಡುಕುಕೋಲು ಮತ್ತು ಅವನ್ನು ಬಳಸಲು ಕಲಿಸುವ ತರಬೇತಿಗೆ ಮಾತ್ರ ಕತ್ತರಿ ಹಾಕಬೇಡಿ. ಸ್ವಂತ ಜೋಡಿ ಕೊಳ್ಳುವುದಾದರೆ, ಸ್ಕೀಗೆ ಬೈಂಡಿಂಗಿನ ರಂಧ್ರ ಕೊರೆಸುವ ದಿನ ನಿಮ್ಮ ಬೂಟನ್ನು ಅಂಗಡಿಗೆ ಒಯ್ಯಿರಿ. ಪೆಟ್ಟಿಗೆಯ ಮೇಲೆ ಬರೆದ ಅಳತೆಯನ್ನು ನಂಬಿ ಕೊರೆಯಲು ಬಿಡಬೇಡಿ.