ತರಗತಿಯಲ್ಲೊಂದು ಶೂನ್ಯದೋಷ

ವರ್ನಿಯರ್ ಕ್ಯಾಲಿಪರ್ಸ್ ಹಿಡಿದು ಅಳತೆ ಮಾಡಿದವರಿಗೆಲ್ಲ ಶೂನ್ಯದೋಷದ ಪರಿಚಯವಿರುತ್ತದೆ. ಎರಡು ದವಡೆಗಳೂ ಕೂಡಿರುವಾಗ ಸೊನ್ನೆಯನ್ನು ತೋರಿಸಬೇಕಾದ ಉಪಕರಣವು ಬೇರೊಂದು ಅಂಕಿಯನ್ನು ತೋರಿಸಿದರೆ, ಅದರಿಂದ ತೆಗೆದ ಅಳತೆಗಳೆಲ್ಲವೂ ಅಷ್ಟರಮಟ್ಟಿಗೆ ತಪ್ಪಾಗುತ್ತವೆ. ನೂರು ಸಲ ಅಳೆದು ಸರಾಸರಿ ತೆಗೆದರೂ ಈ ದೋಷವು ಹೋಗದು. ಅಳೆಯುವವರ ಪ್ರಾಮಾಣಿಕತೆಯಿಂದಲೂ ಹೋಗದು. ಮೊದಲು ಅದನ್ನು ಕಂಡುಹಿಡಿದು, ಬಳಿಕ ಲೆಕ್ಕದಲ್ಲಿ ತಿದ್ದಿಕೊಳ್ಳಬೇಕು. ಶಾಲೆಯ ತರಗತಿಗಳಲ್ಲಿ ಹುಡುಗ ಹುಡುಗಿಯರ ನಡುವೆ ನಡೆಯುವ ತಾರತಮ್ಯವೂ ಬಹುಮಟ್ಟಿಗೆ ಇಂಥದೇ.

ಗಣಿತ, ಭೌತವಿಜ್ಞಾನಗಳು ಹುಡುಗಿಯರಿಗೆ ಸ್ವಭಾವತಃ ಒಗ್ಗವೆಂದು ಹೇಳುವವರು ಇಂದಿಗೂ ಉಂಟು. ಈ ಮಾತನ್ನು ಮೊದಲು ಪರೀಕ್ಷಿಸೋಣ. ಅಮೆರಿಕದ ಜಾನೆಟ್ ಹೈಡ್ ಮತ್ತು ಅವರ ಸಂಗಡಿಗರು ಆ ದೇಶದ 10 ರಾಜ್ಯಗಳ 70 ಲಕ್ಷಕ್ಕೂ ಮಿಕ್ಕ ವಿದ್ಯಾರ್ಥಿಗಳ ಗಣಿತದ ಅಂಕಗಳನ್ನು ಹೋಲಿಸಿ, 2008ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. 2ರಿಂದ 11ನೆಯ ತರಗತಿಯವರೆಗೆ ಸರಾಸರಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಕಾಣಲಿಲ್ಲ.

ಹಾಗಾದರೆ ಭೇದವು ಎಲ್ಲಿಂದ ಬಂದಿತು? 2017ರಲ್ಲಿ ಲಿನ್ ಬಿಯಾನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವೊಂದು ಇದಕ್ಕೆ ಸುಳಿವು ಕೊಡುತ್ತದೆ. ‘ಬಹಳ ಬಹಳ ಜಾಣರು’ ಯಾರೆಂದು ಕೇಳಿದಾಗ, 5 ವರ್ಷದ ಮಕ್ಕಳಲ್ಲಿ ಹುಡುಗರು ಗಂಡಸರನ್ನೂ ಹುಡುಗಿಯರು ಹೆಂಗಸರನ್ನೂ ಹೆಚ್ಚಾಗಿ ಆರಿಸಿದರು. 6-7 ವರ್ಷದ ಹೊತ್ತಿಗೆ ಹುಡುಗಿಯರು ತಮ್ಮವರನ್ನು ಆರಿಸುವುದು ಕಡಿಮೆಯಾಗಿದ್ದಿತು. ಸೋಜಿಗವೆಂದರೆ, ಒಳ್ಳೆಯ ಅಂಕಗಳನ್ನು ಪಡೆಯುವವರು ಯಾರೆಂದು ಕೇಳಿದರೆ ಅದೇ ಹುಡುಗಿಯರು ಹುಡುಗಿಯರನ್ನೇ ತೋರಿಸುತ್ತಿದ್ದರು! ಅಂಕಗಳು ಕಣ್ಣೆದುರಿಗಿದ್ದರೂ ಆತ್ಮವಿಶ್ವಾಸವು ಕುಗ್ಗಿದ್ದಿತು.

ನಮ್ಮ ಪ್ರೌಢಶಾಲೆಗಳ ಪ್ರಯೋಗದ ಮೇಜಿನ ಬಳಿಗೆ ಬರೋಣ. ನಾಲ್ವರ ಗುಂಪಿಗೆ ಒಂದೇ ಉಪಕರಣ. ತಂತಿಯನ್ನು ಜೋಡಿಸುವವನು, ಮಸೂರವನ್ನು ಸರಿಸುವವನು ಸಾಮಾನ್ಯವಾಗಿ ಹುಡುಗ. ‘ಅಕ್ಷರ ದುಂಡಾಗಿದೆ’ಯೆಂದು ಅಂಕಿಗಳನ್ನು ಬರೆದುಕೊಳ್ಳುವವಳು ಹುಡುಗಿ. ಹೀಗೆ ವರ್ಷಗಳು ಕಳೆದರೆ ಅವನ ಬೆರಳುಗಳು ಪಳಗುತ್ತವೆ. ಆಮೇಲೆ ಉಪಕರಣಗಳ ಕೆಲಸ ಅವನಿಗೆ ಹುಟ್ಟುಗುಣವೆನ್ನುತ್ತೇವೆ. ಪರಿಣಾಮವನ್ನೇ ಕಾರಣವೆಂದು ಭ್ರಮಿಸುವುದು ಇದೇ ಅಲ್ಲವೇ?

ಈ ದೋಷಕ್ಕೆ ದೊಡ್ಡವರೂ ಹೊರತಲ್ಲ. ಮುಂಬಯಿ ವಿಶ್ವವಿದ್ಯಾನಿಲಯದ ಬಿ.ಎಸ್‌ಸಿ.ಯಲ್ಲಿ ಮೊದಲಿಗರಾಗಿ ತೇರ್ಗಡೆಯಾಗಿದ್ದ ಕಮಲಾ ಭಾಗವತ್ (ಮುಂದೆ ಕಮಲಾ ಸೊಹೊನಿ) 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದಾಗ, ಹೆಣ್ಣೆಂಬ ಕಾರಣದಿಂದ ನಿರ್ದೇಶಕ ಸಿ. ವಿ. ರಾಮನ್ನರು ಒಪ್ಪಲಿಲ್ಲ. ಆಕೆ ಪಟ್ಟುಹಿಡಿದ ಮೇಲೆ ಒಂದು ವರ್ಷದ ಪರೀಕ್ಷಾರ್ಥವಾಗಿ ಪ್ರವೇಶ ದೊರೆಯಿತು. ಆಕೆಯ ಕೆಲಸವು ಬಾಗಿಲನ್ನು ಇತರರಿಗೂ ತೆರೆಯಿಸಿತು. 1939ರಲ್ಲಿ ಆಕೆ ಕೇಂಬ್ರಿಜ್‌ನ ಡಾಕ್ಟರೇಟ್ ಪಡೆದರು. ಬೆಳಕಿನ ಸೂಕ್ಷ್ಮವನ್ನು ಅಳೆದ ಮಹನೀಯರ ಅಳತೆಗೋಲಿನಲ್ಲೂ ಶೂನ್ಯದೋಷವಿದ್ದಿತು!

ದೋಷವು ತಿದ್ದಲಾರದ್ದೇನೂ ಅಲ್ಲ. ವಿಜ್ಞಾನಿಯ ಚಿತ್ರ ಬರೆಯಿರೆಂದು 1966ರಿಂದ 1977ರವರೆಗೆ ಡೇವಿಡ್ ಚೇಂಬರ್ಸ್ 4,807 ಮಕ್ಕಳನ್ನು ಕೇಳಿದಾಗ, ಹೆಣ್ಣನ್ನು ಬರೆದವರು 28 ಮಂದಿ ಮಾತ್ರ. ಆ 28 ಮಂದಿಯೂ ಹುಡುಗಿಯರೇ. ಅಮೆರಿಕದಲ್ಲಿ 1985ರ ಅನಂತರ ನಡೆದ ಇಂಥ ಅಧ್ಯಯನಗಳಲ್ಲಿ ಸರಾಸರಿ ಶೇಕಡ 28ರಷ್ಟು ಮಕ್ಕಳು ಹೆಣ್ಣನ್ನು ಬರೆದರೆಂದು 2018ರ ಸಮೀಕ್ಷೆ ತಿಳಿಸುತ್ತದೆ. ಸಮಾಜ ಬದಲಾದಂತೆ ಚಿತ್ರವೂ ಬದಲಾಯಿತು.

ಉಪಾಧ್ಯಾಯರು ಮಾಡಬೇಕಾದದ್ದು ಸರಳ. ಒಂದು ವಾರ ತಾವು ಯಾರನ್ನು ಎಷ್ಟು ಪ್ರಶ್ನೆ ಕೇಳಿದೆವೆಂದು ಗೀಟು ಹಾಕಿ ಎಣಿಸಲಿ. ಪ್ರಶ್ನೆ ಕೇಳಿದೊಡನೆ ಎದ್ದ ಕೈಯನ್ನೇ ಹಿಡಿಯದೆ ಮೂರು ಸೆಕೆಂಡು ಕಾಯಲಿ. ಹಾಗೆ ಕಾದರೆ ಹೆಚ್ಚು ಮಕ್ಕಳು ಬಾಯಿಬಿಡುತ್ತಾರೆಂದು ಮೇರಿ ಬಡ್ ರೋ ಎಂಬವರು ಬಹು ಹಿಂದೆಯೇ ತೋರಿಸಿದ್ದಾರೆ. ಪ್ರಯೋಗದಲ್ಲಿ ಉಪಕರಣವೂ ಲೇಖನಿಯೂ ಸರದಿಯಂತೆ ಕೈ ಬದಲಾಯಿಸಲಿ. ಎಣಿಸಿ ನೋಡಿದ ಅಂಕಿಗಳು ಸಮವಾಗಿದ್ದರೆ ಸಂತೋಷ. ಇಲ್ಲದಿದ್ದರೆ ದೋಷವೆಷ್ಟೆಂಬುದಾದರೂ ತಿಳಿದಂತಾಯಿತು. ತಿದ್ದುಪಡಿಯು ಅಲ್ಲಿಂದಲೇ ಆರಂಭವಾಗತಕ್ಕದ್ದು.