ಹಿತ್ತಲ ಕೊಳಕ್ಕೊಂದು ಹೊಸ ಜಾಗ

ಬೆಂಗಳೂರಿನಲ್ಲಿ ವರ್ಷಕ್ಕೆ ಎರಡು ಸಲ, ಏಪ್ರಿಲ್ 24-25ರ ಆಸುಪಾಸಿನಲ್ಲಿ ಮತ್ತು ಆಗಸ್ಟ್ 18ರ ಹೊತ್ತಿಗೆ, ನಡುಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟ ಕಂಬಕ್ಕೂ ಆಗ ನೆರಳಿರುವುದಿಲ್ಲ. ಈ ಎರಡು ದಿನಗಳ ನಡುವಿನ ನಾಲ್ಕು ತಿಂಗಳು ಮಧ್ಯಾಹ್ನದ ಸೂರ್ಯ ನಮಗೆ ಉತ್ತರಕ್ಕಿರುತ್ತಾನೆ, ಉಳಿದ ಎಂಟು ತಿಂಗಳು ದಕ್ಷಿಣಕ್ಕೆ. ಹಿತ್ತಲಲ್ಲಿ ತಾವರೆ, ನೈದಿಲೆ ಬೆಳೆಸಬೇಕೆನ್ನುವವರು ಮೊದಲು ತಿಳಿದುಕೊಳ್ಳಬೇಕಾದದ್ದು ಇದನ್ನು. ಗುದ್ದಲಿ, ಸಿಮೆಂಟು, ಮೀನು ಎಲ್ಲ ಆಮೇಲೆ.

ಮಾವಳ್ಳಿಯಲ್ಲಿ ನಮ್ಮದು ಹಳೆಯ ಮನೆ. ಲಾಲ್‌ಬಾಗಿಗೆ ನಡೆದೇ ಹೋಗಬಹುದು. ಹಿತ್ತಲಲ್ಲಿ ಬಾವಿ, ಒಗೆಯುವ ಕಲ್ಲು, ಒಂದು ನೆಲ್ಲಿ ಮರ, ದಕ್ಷಿಣದ ಗೋಡೆಗೆ ಹತ್ತಿಕೊಂಡಂತೆ ನಮ್ಮ ಮಾವನವರು ಕಟ್ಟಿಸಿದ ಸಿಮೆಂಟಿನ ಕೊಳ. ಅವರ ಕಾಲದಲ್ಲಿ ಗೋಡೆಯಾಚೆ ಹೆಂಚಿನ ಮನೆಯಿತ್ತು, ಬಿಸಿಲಿಗೆ ತಡೆಯಿರಲಿಲ್ಲ. ಈಗ ಅಲ್ಲಿ ನಾಲ್ಕು ಅಂತಸ್ತು, ಹತ್ತಿರ ಹತ್ತಿರ 40 ಅಡಿ ಎತ್ತರ. ಡಿಸೆಂಬರ್‌ನಲ್ಲಿ ಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೆ ವಾಲಿ ದಿಗಂತದಿಂದ ಸುಮಾರು 53 ಡಿಗ್ರಿ ಮೇಲಿರುತ್ತಾನೆ. 40 ಅಡಿ ಗೋಡೆಯ ನೆರಳು ಆಗ ಉತ್ತರಕ್ಕೆ 30 ಅಡಿ ಚಾಚುತ್ತದೆ. ಫೆಬ್ರುವರಿಯಲ್ಲೂ 20 ಅಡಿಯ ಹತ್ತಿರ. ಮೇ, ಜೂನ್‌ನಲ್ಲಿ ಮಾತ್ರ ನೆರಳು ಅವರ ಕಡೆಗೇ ತಿರುಗಿ ನಮ್ಮ ಕೊಳ ಹೊಳೆಯುತ್ತಿತ್ತು. ಬೇಸಿಗೆಯಲ್ಲಿ ಬಂದ ನೆಂಟರೆಲ್ಲ ‘ಚೆನ್ನಾಗಿಯೇ ಇದೆಯಲ್ಲ’ ಅನ್ನುತ್ತಿದ್ದರು. ದಸರಾ ಕಳೆದ ಮೇಲೆ ನೋಡಬೇಕಿತ್ತು. ನೈದಿಲೆಯ ಎಲೆ ಸಣ್ಣದಾಗಿ, ದಂಟು ಉದ್ದವಾಗಿ, ಮೊಗ್ಗು ಅರಳದೆ ಕೊಳೆಯುತ್ತಿತ್ತು. ತಾವರೆಗೆ ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕೇ ಬೇಕು. ಗೊಬ್ಬರ ಹಾಕಿ ಆ ಕೊರತೆ ತುಂಬಲಾಗದು.

ಹೊಸ ಜಾಗ ಹುಡುಕಿದ್ದು ರಂಗೋಲಿ ಪುಡಿಯಿಂದ. ಡಿಸೆಂಬರ್ ಮೂರನೆಯ ವಾರದಲ್ಲಿ, ನೆರಳು ಅತಿ ಉದ್ದವಿರುವಾಗ, ಬೆಳಿಗ್ಗೆ ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ ನೆರಳಿನ ಅಂಚಿಗೆ ಗೆರೆ ಎಳೆದೆ. ಮೂರೂ ಗೆರೆಗಳಾಚೆ ಉಳಿದದ್ದು ಈಶಾನ್ಯದ ಮೂಲೆ. ನೀರು ಈಶಾನ್ಯದಲ್ಲಿರಬೇಕೆಂದು ವಾಸ್ತುವಿನಲ್ಲೂ ಹೇಳುತ್ತಾರೆಂದು ಮನೆಯವರಿಗೆ ಸಮಾಧಾನವಾಯಿತು. ನಿಮ್ಮ ಮನೆಯಲ್ಲಿ ಗೆರೆ ನೈಋತ್ಯ ತೋರಿಸಿದರೆ ಅಲ್ಲಿಯೇ ತೋಡಿ. ಗಿಡಕ್ಕೆ ಬೇಕಾದದ್ದು ಬಿಸಿಲು.

ಬಿಸಿಲಿನ ನಂತರ ನೀರಿನ ದಾರಿ. ಈ ಊರಿನ ಕೆರೆಗಳ ಗತಿ ಗೊತ್ತೇ ಇದೆ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು, ನಮಗೆ ಹತ್ತಿರದ ಸಿದ್ದಿಕಟ್ಟೆ ಕೆ.ಆರ್. ಮಾರುಕಟ್ಟೆಯಾಯಿತು. ಇವನ್ನು ಬೇರೆಡೆಗೆ ಸ್ಥಳಾಂತರಿಸಲು ಯಾರಿಂದಲೂ ಆಗುತ್ತಿರಲಿಲ್ಲ. ಸುತ್ತಲ ಇಳಿಜಾರಿನ ನೆಲವೆಲ್ಲ ಸೇರಿ ಕಟ್ಟಿಕೊಟ್ಟ ನೀರು ಅದು, ನೆಲವನ್ನು ಎತ್ತಿಡುವುದು ಹೇಗೆ? ಮನೆಯ ಕೊಳಕ್ಕೆ ಮಾತ್ರ ಆ ಅದೃಷ್ಟವಿದೆ. ಅದರ ಇಳಿಜಾರು ನಮ್ಮ ತಾರಸಿ, ಅದರ ಕಾಲುವೆ ಮಳೆನೀರಿನ ಪೈಪು. ಪೈಪನ್ನು ತಿರುಗಿಸಿದರೆ ಕೊಳವೂ ಬರುತ್ತದೆ. 1,000 ಚದರಡಿ ತಾರಸಿಯ ಮೇಲೆ ಬೆಂಗಳೂರಿನ ವರ್ಷದ ಮಳೆ ಸುಮಾರು 90 ಸಾವಿರ ಲೀಟರ್ ಸುರಿಯುತ್ತದೆ. ಆರು ಅಡಿ ಉದ್ದ, ನಾಲ್ಕು ಅಡಿ ಅಗಲ, ಎರಡು ಅಡಿ ಆಳದ ಕೊಳಕ್ಕೆ ಬೇಕಾದದ್ದು 1,360 ಲೀಟರ್. ಹಾಗಾಗಿ ನೀರು ಬರುವ ಬಾಯಿಗಿಂತ ಹೆಚ್ಚಿದ್ದು ಹೋಗುವ ಬಾಯಿಯ ಬಗ್ಗೆ ಹೆಚ್ಚು ಯೋಚಿಸಬೇಕು. ಕೊಳ ತುಂಬಿ ಉಕ್ಕಿದಾಗ ನೀರು ಮನೆಯ ಪಾಯದ ಕಡೆ ಹರಿಯಬಾರದು, ಪಕ್ಕದವರ ಕಾಂಪೌಂಡಿಗೂ ಹೋಗಬಾರದು. ಗೋಡೆಯಿಂದ ಮೂರು ನಾಲ್ಕು ಅಡಿ ದೂರ ಬಿಡಿ. ಒಳಚರಂಡಿಯ ಪೈಪು, ಚೇಂಬರ್ ಎಲ್ಲಿದೆಯೆಂದು ಮೊದಲೇ ಗುರುತು ಮಾಡಿಕೊಳ್ಳಿ.

ಮಾವಳ್ಳಿಯಲ್ಲಿ ಬೇಕಾದಷ್ಟು ಆಳ ಇಳಿಯುವುದು ನಮ್ಮ ಕೈಯಲ್ಲಿಲ್ಲ. ಲಾಲ್‌ಬಾಗಿನಲ್ಲಿ ಕೆಂಪೇಗೌಡ ಗೋಪುರ ಹೊತ್ತು ನಿಂತಿರುವ, 300 ಕೋಟಿ ವರ್ಷ ಹಳೆಯದೆನ್ನುವ ಬಂಡೆಯ ನೆರೆಯವರು ನಾವು. ಕೆಮ್ಮಣ್ಣು ಮುಗಿದೊಡನೆ ಗಟ್ಟಿ ಗೊರಚು. ಎರಡಡಿ ಆಗುವಷ್ಟರಲ್ಲಿ ಮೇಸ್ತ್ರಿ ಹಾರೆ ಊರಿ ನಿಂತರು.

“ಅಮ್ಮಾ, ಇನ್ನು ಇಳಿದ್ರೆ ಕಲ್ಲು ಒಡೀಬೇಕಾಗತ್ತೆ. ಇಷ್ಟು ಸಾಲದಾ?”

ಸಾಕು. ನೈದಿಲೆಗೆ ಒಂದೂವರೆ ಅಡಿ ನೀರಿದ್ದರೆ ಯಥೇಷ್ಟ. ಮನೆಯಲ್ಲಿ ಮಕ್ಕಳಿದ್ದರೆ ಆಳ ಕಡಿಮೆಯಿದ್ದಷ್ಟೂ ಒಳ್ಳೆಯದು, ಮೇಲೊಂದು ಕಬ್ಬಿಣದ ಜಾಲರಿಯೂ ಬೇಕು. ಒಂದು ಬದಿಯನ್ನು ಮೆಟ್ಟಿಲಿನಂತೆ ಅರ್ಧ ಆಳಕ್ಕೆ ಬಿಡಿಸಿದೆ, ಕುಂಡ ಇಡಲಿಕ್ಕೆ. ಇನ್ನೊಂದು ಬದಿ ಇಳಿಜಾರು. ನೇರ ಗೋಡೆಯ ತೊಟ್ಟಿಗೆ ಬಿದ್ದ ಕಪ್ಪೆ, ಓತಿಕ್ಯಾತ ಹತ್ತಲಾರದೆ ಸಾಯುತ್ತವೆ. ಅಂಚು ಸುತ್ತಲೂ ಒಂದೇ ಮಟ್ಟಕ್ಕಿರಬೇಕು. ಅದಕ್ಕೆ ನೀರು ತುಂಬಿದ ಪಾರದರ್ಶಕ ಪೈಪಿಗಿಂತ ನಂಬಿಕಸ್ಥ ಸಾಧನ ಬೇರೆಯಿಲ್ಲ.

ಸಿಮೆಂಟೋ ಹಾಳೆಯೋ ಎಂದು ತುಂಬ ಜನ ಕೇಳುತ್ತಾರೆ. ನಾನು ಹಾಳೆಯ ಕಡೆ. ರೈತರು ಕೃಷಿಹೊಂಡಕ್ಕೆ ಹಾಸುವಂಥ ದಪ್ಪ ಹಾಳೆಯೇ ಸಾಕು. ಉದ್ದಕ್ಕೆ ಆಳದ ಎರಡರಷ್ಟು ಸೇರಿಸಿ, ಅಂಚಿಗೆ ಇನ್ನೆರಡು ಅಡಿ ಕೂಡಿಸಿದರೆ ಬೇಕಾದ ಅಳತೆ. ಅಗಲಕ್ಕೂ ಹಾಗೆಯೇ. ನಮ್ಮದಕ್ಕೆ 12 ಅಡಿಗೆ 10 ಅಡಿ. ಕೆಳಗೆ ಎರಡಂಗುಲ ಮರಳು, ಅದರ ಮೇಲೆ ಹಳೆಯ ಜಮಖಾನ ಹಾಸಿದರೆ ಕಲ್ಲು ಚುಚ್ಚುವುದಿಲ್ಲ. ಸಿಮೆಂಟೇ ಬೇಕೆನ್ನುವವರು ಅದರ ಸುಣ್ಣ ಬಿಡುವ ಗುಣ ತಿಳಿದಿರಬೇಕು. ಹೊಸ ತೊಟ್ಟಿಯ ನೀರು ಕ್ಷಾರವೇರಿ ಮೀನನ್ನು ಕೊಲ್ಲುತ್ತದೆ. ನೀರು ತುಂಬಿ, ಬಾಳೆದಿಂಡಿನ ತುಂಡು ಹಾಕಿ ವಾರ ಬಿಟ್ಟು ಖಾಲಿ ಮಾಡಬೇಕು. ಮತ್ತೆ ಮತ್ತೆ ಹಾಗೆ ಮಾಡಬೇಕು.

ಇನ್ನು ಸ್ಥಳಾಂತರ. ಹಳೆಯ ಕೊಳದಿಂದ ಹೊಸದಕ್ಕೆ ಹೋಗಬೇಕಾದ ಮುಖ್ಯ ಆಸ್ತಿ ಗಿಡವೂ ಅಲ್ಲ, ಮೀನೂ ಅಲ್ಲ. ಕೆಸರು. ಮೀನಿನ ಕಶ್ಮಲದಿಂದ ಹುಟ್ಟುವ ಅಮೋನಿಯ ವಿಷ. ಅದನ್ನು ಮೊದಲು ನೈಟ್ರೈಟ್, ಆಮೇಲೆ ಗಿಡಕ್ಕೆ ಆಹಾರವಾಗುವ ನೈಟ್ರೇಟ್ ಆಗಿಸುವ ಸೂಕ್ಷ್ಮಜೀವಿಗಳು ಕಲ್ಲಿನ ಲೋಳೆಯಲ್ಲಿ, ತಳದ ಕೆಸರಿನಲ್ಲಿ ಇರುತ್ತವೆ. ಹೊಸ ನೀರಿನಲ್ಲಿ ಅವು ತಾವಾಗಿ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಆದ್ದರಿಂದ ಕಲ್ಲುಗಳನ್ನು ಉಜ್ಜಿ ತೊಳೆಯಬೇಡಿ, ಒದ್ದೆಯಾಗಿಯೇ ಎತ್ತಿಡಿ. ಮೇಲಿನ ತಿಳಿನೀರನ್ನು ಡ್ರಮ್ಮಿಗೆ ತುಂಬಿ, ಹೊಸ ಕೊಳದ ಅರ್ಧ ಅದರಿಂದಲೇ ಆಗಲಿ. ಉಳಿದರ್ಧ ಮಳೆನೀರು ಅಥವಾ ಬಾವಿನೀರು. ನಲ್ಲಿನೀರಾದರೆ ಕ್ಲೋರಿನ್ ಹಾರಿಹೋಗಲು ಒಂದು ದಿನ ತೆರೆದಿಡಬೇಕು.

ತಾವರೆ ಗೆಡ್ಡೆ ಕೀಳುವಾಗ ಮನೆಯ ಗಂಡಸರನ್ನೆಲ್ಲ ದೂರವಿಟ್ಟು ನಾನೇ ಕೆಸರಿಗಿಳಿದೆ. ಆ ಗೆಡ್ಡೆ ಒಳಗೆ ಕೊಳವೆಗಳಿಂದ ಕೂಡಿದ್ದು, ಸ್ವಲ್ಪ ಬಿಗಿದರೂ ಮುರಿಯುತ್ತದೆ. ಮುರಿದ ಬಾಯಲ್ಲಿ ನೀರು ಹೊಕ್ಕರೆ ಕೊಳೆತುಹೋಗುತ್ತದೆ. ಎಳೆಯಬಾರದು, ಬೆರಳಿನಿಂದ ಕೆಸರು ಬಿಡಿಸುತ್ತ ಕುಡಿ ಎತ್ತ ಹೋಗಿದೆಯೆಂದು ಹುಡುಕಬೇಕು. ಚಿಗುರು ಹೊರಡುವ ಫೆಬ್ರುವರಿ-ಮಾರ್ಚ್ ಸರಿಯಾದ ಕಾಲ. ಕುಂಡ ದುಂಡಗಿರಲಿ. ಚೌಕವಾದರೆ ಹಬ್ಬುವ ಕುಡಿ ಮೂಲೆಗೆ ಸಿಕ್ಕಿ ನಿಲ್ಲುತ್ತದೆ. ಕೆರೆಗೋಡು ತುಂಬಿ, ಗೆಡ್ಡೆಯನ್ನು ಅಡ್ಡ ಮಲಗಿಸಿ, ಕುಡಿಯನ್ನು ಮೇಲಕ್ಕೆ ಬಿಡಿ. ಹಸಿ ಸಗಣಿ ಬೇಡ. ಮೊದಲು ಮೂರು ನಾಲ್ಕು ಅಂಗುಲ ನೀರು, ಎಲೆ ಎದ್ದಂತೆ ಏರಿಸಿ.

ಸೊಳ್ಳೆಯ ಮಾತು ಬಾರದೆ ಇರದು, ಬರಲೇಬೇಕು. 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ವೈದ್ಯರಾಗಿದ್ದ ರೊನಾಲ್ಡ್ ರಾಸ್, ತಮ್ಮ ಬಂಗಲೆಯ ಕಿಟಕಿಯಾಚೆಯ ತೊಟ್ಟಿಯಲ್ಲಿ ಸೊಳ್ಳೆಮರಿ ಕಂಡು ಅದನ್ನು ಬೋರಲು ಹಾಕಿ ಕಾಟ ತಗ್ಗಿಸಿಕೊಂಡರು. ಮಲೇರಿಯಾ ಹರಡುವ ಬಗೆಯನ್ನು ತೋರಿಸಿ 1902ರಲ್ಲಿ ನೊಬೆಲ್ ಪಡೆದವರು ಇವರೇ. ಡೆಂಗಿ ತರುವ ಸೊಳ್ಳೆ ಇಂದೂ ನಿಂತ ತಿಳಿನೀರನ್ನೇ ಹುಡುಕುತ್ತದೆ. ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ವಾರ, ಹತ್ತು ದಿನ. 2024ರಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಸಾಕುವ ನಗರದ ಮನೆಗಳಿಗೆ 400 ರೂಪಾಯಿ ದಂಡ ಇಟ್ಟಿತು. ನನ್ನ ಅನುಭವದಲ್ಲಿ ಅಪಾಯ ಜೀವವಿರುವ ಕೊಳದಲ್ಲಿಲ್ಲ, ಸ್ಥಳಾಂತರದ ಗಡಿಬಿಡಿಯಲ್ಲಿ ಹಿತ್ತಲ ತುಂಬ ಬಿದ್ದಿರುವ ಬಕೆಟು, ಬಾಂಡ್ಲಿ, ಡ್ರಮ್ಮುಗಳಲ್ಲಿ. ಅವಕ್ಕೆ ಬಟ್ಟೆ ಕಟ್ಟಿ. ಹೊಸ ಕೊಳಕ್ಕೆ ಮೊದಲ ವಾರದಲ್ಲೇ ನಾಲ್ಕಾರು ಮೀನು ಬಿಡಿ. 1928ರಲ್ಲಿ ಭಾರತಕ್ಕೆ ತಂದ ಗಂಬೂಸಿಯಾ ಎಲ್ಲ ಕಡೆ ಸಿಗುತ್ತದೆ, ಆದರೆ ಅದು ಗೊದಮೊಟ್ಟೆಗಳನ್ನೂ ಬಿಡದು. ನೆತ್ತಿಯ ಮೇಲೆ ಬೆಳ್ಳಿಚುಕ್ಕೆಯ ನಮ್ಮ ನಾಡಿನ ಪಾಂಚಾಕ್ಸ್ ಮೀನು ನನಗಿಷ್ಟ. ಏರೋಪ್ಲೇನ್ ಚಿಟ್ಟೆಗಳು ತಾವಾಗಿ ಬರುತ್ತವೆ, ಅವುಗಳ ಮರಿಗಳೂ ನೀರಿನೊಳಗೆ ಸೊಳ್ಳೆಮರಿಯನ್ನೇ ತಿನ್ನುತ್ತವೆ.

ಮಾರ್ಚ್-ಏಪ್ರಿಲ್‌ನಲ್ಲಿ ಇಷ್ಟಗಲದ ಕೊಳದಿಂದ ದಿನಕ್ಕೊಂದು ಬಿಂದಿಗೆ ನೀರು ಆವಿಯಾಗುತ್ತದೆ. 2024ರ ಬರದ ಬೇಸಿಗೆಯಲ್ಲಿ ಕುಡಿಯುವ ನೀರನ್ನು ತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಸಾರಿತ್ತು. ಅದು ನ್ಯಾಯವೂ ಹೌದು. ನಲ್ಲಿಯಿಂದ ಕೊಳ ತುಂಬಿಸುವ ಯೋಚನೆಯಿದ್ದರೆ ಕೊಳವೇ ಬೇಡ. ಎಲೆಗಳು ಅರ್ಧಕ್ಕಿಂತ ಹೆಚ್ಚು ನೀರನ್ನು ಮುಚ್ಚಿದರೆ ಆವಿಯೂ ಪಾಚಿಯೂ ಕಡಿಮೆ.

ಹಳೆಯ ಕೊಳದ ತಳವನ್ನು ಒಡೆಸಿ, ಗೋಡೆಯ ಬದಿಗೆ ಮಣ್ಣು ತುಂಬಿಸಿ, ಬಾವಿಯ ಬದಿಗೆ ದಪ್ಪ ಜಲ್ಲಿ, ಸಣ್ಣ ಜಲ್ಲಿ, ಮರಳು ಹಾಕಿಸಿ ಇಂಗುಗುಂಡಿ ಮಾಡಿಸಿದೆ. ಹೊಸ ಕೊಳ ಉಕ್ಕಿದ ನೀರು ಈಗ ಅಲ್ಲಿಗೆ ಹೋಗುತ್ತದೆ. ತಾವರೆ ಗೆಡ್ಡೆ ಕುಂಡ ತುಂಬಿ ಹೆಣೆದುಕೊಂಡಿದೆ, ಬರುವ ಫೆಬ್ರುವರಿಯಲ್ಲಿ ಬಿಡಿಸಲೇಬೇಕು. ಆಸೆಪಟ್ಟು ಕೇಳಿರುವ ಅಕ್ಕಪಕ್ಕದವರಿಗೆಲ್ಲ ಕೊಡುತ್ತೇನೆ. ಅಗಲ ಬಾಯಿಯ ದುಂಡು ಟಬ್ಬನ್ನು ಅವರೇ ತರಬೇಕು. ಅದಕ್ಕೂ ಮೊದಲು, ಡಿಸೆಂಬರ್‌ನಲ್ಲಿ, ತಮ್ಮ ಹಿತ್ತಲಲ್ಲೋ ತಾರಸಿಯಲ್ಲೋ ರಂಗೋಲಿ ಗೆರೆ ಎಳೆದು ನೋಡಿರಬೇಕು.