ಕತ್ತಲು ನುಂಗಿದ ಚಿತ್ರದಲ್ಲಿ ಉಳಿದಿರುವುದೇನು?

ಮಂದ ಬೆಳಕಿನಲ್ಲಿ ತೆಗೆದ ಛಾಯಾಚಿತ್ರವನ್ನು ಕಂಪ್ಯೂಟರಿನಲ್ಲಿ ಬೆಳಗಿಸಲು ಹೊರಟಾಗ, ನೆರಳಿನ ಭಾಗಗಳು ತಿಳಿಯಾಗುವುದರ ಜೊತೆಗೇ ಮರಳು ಚೆಲ್ಲಿದಂತಹ ಕಾಳುಗಳೂ ಕೆಂಪು-ಹಸಿರು ಚುಕ್ಕೆಗಳೂ ಎದ್ದು ಕಾಣತೊಡಗುತ್ತವೆ. ಛಾಯಾಗ್ರಾಹಕರು ನಾಯ್ಸ್ ಎಂದು ಕರೆಯುವ ಈ ದೋಷಕ್ಕೆ ಕ್ಯಾಮೆರಾ ಒಂದೇ ಕಾರಣವಲ್ಲ. ಅದರ ಬಹುಪಾಲು ಬೆಳಕಿನ ಸ್ವಭಾವದಲ್ಲಿಯೇ ಅಡಗಿದೆ.

ಬೆಳಕು ಫೋಟಾನ್ ಎಂಬ ಬಿಡಿ ಕಣಗಳಾಗಿ ಸೆನ್ಸರಿನ ಮೇಲೆ ಬೀಳುತ್ತದೆ. ಮಳೆಯ ಮೊದಲ ಹನಿಗಳು ಅಂಗಳದಲ್ಲಿ ಒಂದೆಡೆ ಒತ್ತಾಗಿ, ಇನ್ನೊಂದೆಡೆ ವಿರಳವಾಗಿ ಬೀಳುವಂತೆ, ಈ ಕಣಗಳೂ ಪಿಕ್ಸೆಲ್‌ಗಳಿಗೆ ಸಮನಾಗಿ ಹಂಚಿಕೆಯಾಗುವುದಿಲ್ಲ. ಈ ಏರಿಳಿತ ಕಣಗಳ ಸಂಖ್ಯೆಯ ವರ್ಗಮೂಲದಷ್ಟಿರುತ್ತದೆ: ಪಿಕ್ಸೆಲ್ಲಿಗೆ ಸರಾಸರಿ 10,000 ಕಣಗಳು ದೊರೆತರೆ ಏರಿಳಿತ 100, ಅಂದರೆ ಶೇ 1, ಬರೀ 100 ಕಣಗಳಾದರೆ ಅದು 10, ಅಂದರೆ ಶೇ 10. ಐಎಸ್‌ಒ ಏರಿಸುವುದರಿಂದ ಸಂಕೇತ ಹಿಗ್ಗುತ್ತದೆಯೇ ಹೊರತು ಹೊಸದೊಂದು ಕಣವೂ ಒಳಬರುವುದಿಲ್ಲ.

ಆದ್ದರಿಂದ ತಿದ್ದುವವರಿಗೆ ಮೊದಲು ಬೇಕಾಗುವುದು, ಸೆನ್ಸರ್ ದಾಖಲಿಸಿದ್ದನ್ನು ಹೆಚ್ಚು ಕತ್ತರಿಸದೆ ಉಳಿಸುವ ರಾ ಕಡತ. ಸಾಮಾನ್ಯ ಜೆಪೆಗ್ ಪ್ರತಿ ಬಣ್ಣಕ್ಕೆ 256 ಹಂತಗಳನ್ನಷ್ಟೇ ಇಟ್ಟುಕೊಂಡರೆ, 14 ಬಿಟ್‌ನ ರಾ ಕಡತದಲ್ಲಿ 16,384 ಹಂತಗಳಿಗೆ ಅವಕಾಶವಿರುವುದರಿಂದ, ನೆರಳನ್ನು ಮೇಲೆತ್ತಿದಾಗ ಛಾಯೆಗಳು ಪಟ್ಟೆಪಟ್ಟೆಯಾಗಿ ಒಡೆಯುವುದು ಕಡಿಮೆ. ಬಣ್ಣದ ಚುಕ್ಕೆಗಳನ್ನು ಧಾರಾಳವಾಗಿ ಒರೆಸಬಹುದು, ಏಕೆಂದರೆ ಬಣ್ಣದ ಸೂಕ್ಷ್ಮ ವ್ಯತ್ಯಾಸಗಳನ್ನು ಕಣ್ಣು ಅಷ್ಟಾಗಿ ಗುರುತಿಸದು. ಹೊಳಪಿನ ಕಾಳುಗಳನ್ನು ಮಾತ್ರ ಅಳೆದೂ ತೂಗಿ ತೆಗೆಯಬೇಕು.

ತೆಗೆಯುವ ವಿಧಾನಗಳ ತಳಹದಿ ಸರಾಸರಿ. ನೆರೆಯ ಪಿಕ್ಸೆಲ್‌ಗಳನ್ನು ಬೆರೆಸಿದರೆ ಕಾಳುಗಳೊಂದಿಗೆ ಅಂಚುಗಳೂ ಮಸುಕಾಗುವುದರಿಂದ, 2005ರಲ್ಲಿ ಬುವಾಡೆಸ್, ಕೊಲ್ ಮತ್ತು ಮೊರೆಲ್ ಅವರು ಚಿತ್ರದಲ್ಲಿ ದೂರವಿದ್ದರೂ ಒಂದನ್ನೊಂದು ಹೋಲುವ ತುಣುಕುಗಳನ್ನು ಹುಡುಕಿ ಬೆರೆಸುವ ಮಾರ್ಗವನ್ನು ಮುಂದಿಟ್ಟರು. ಮೊಬೈಲಿನ ರಾತ್ರಿ ವಿಧಾನವು ಒಂದೇ ದೃಶ್ಯದ ಹಲವು ಚಿತ್ರಗಳನ್ನು ಬೆರೆಸುತ್ತದೆ. 16 ಚಿತ್ರಗಳು ಕೂಡಿದರೆ ನಾಯ್ಸ್ ಕಾಲುಭಾಗಕ್ಕೆ ಇಳಿಯುತ್ತದೆ. ದೇವಸ್ಥಾನದ ಕಲ್ಲುಕಂಬಕ್ಕೆ ಇದು ಒಗ್ಗುತ್ತದೆ, ರಂಗಸ್ಥಳದಲ್ಲಿ ಧೀಂಗಿಣ ಹಾಕುವ ಯಕ್ಷಗಾನದ ವೇಷಕ್ಕೆ ಒಗ್ಗದು.

ಮೂರನೆಯ ಮಾರ್ಗ ಕೃತಕ ಬುದ್ಧಿಮತ್ತೆಯದು. 2018ರಲ್ಲಿ ಚೆನ್ ಚೆನ್ ಮತ್ತು ಸಂಗಡಿಗರು, ಕ್ಷಣಾರ್ಧದಲ್ಲಿ ತೆಗೆದ ಕತ್ತಲೆಯ ರಾ ಚಿತ್ರವನ್ನೂ ಅದೇ ದೃಶ್ಯಕ್ಕೆ ಅದರ 100ರಿಂದ 300 ಪಟ್ಟು ಹೆಚ್ಚು ಹೊತ್ತು ಬೆಳಕೂಡಿಸಿದ ಚಿತ್ರವನ್ನೂ ಜೋಡಿಯಾಗಿ ತೋರಿಸಿ, ಮೊದಲನೆಯದರಿಂದ ಎರಡನೆಯದನ್ನು ರೂಪಿಸುವಂತೆ ನರಜಾಲವೊಂದನ್ನು ಪಳಗಿಸಿದರು. ಫಲಿತಾಂಶ ಬೆರಗು ಹುಟ್ಟಿಸುವಂಥದಾದರೂ, ಮಾಹಿತಿ ತೀರಾ ಕಡಿಮೆಯಾದಲ್ಲಿ ಇಂತಹ ಜಾಲ ಹಿಂದೆ ಕಲಿತದ್ದರ ಆಧಾರದ ಮೇಲೆ ಊಹಿಸುತ್ತದೆ. ತೆಂಕುತಿಟ್ಟಿನ ಬಣ್ಣದ ವೇಷದ ಮುಖದ ಮೇಲೆ ಅಕ್ಕಿಹಿಟ್ಟಿನಿಂದ ಇಡುವ ಬಿಳಿ ಚುಟ್ಟಿಗಳು ಅದಕ್ಕೆ ನಾಯ್ಸ್‌ನಂತೆ ಕಂಡರೆ, ಗಂಟೆಗಟ್ಟಲೆ ಕುಳಿತು ಬರೆದುಕೊಂಡ ಮುಖವರ್ಣಿಕೆ ನಯವಾದ ಚರ್ಮವಾಗಿ ಬದಲಾಗಬಹುದು. ಆಗ ಚಿತ್ರ ಚೊಕ್ಕಟವಾಗುತ್ತದೆ, ದಾಖಲೆ ಅಳಿಯುತ್ತದೆ.

ಎಂದೇ ಅನುಭವಿ ಸಂಪಾದಕರು ಕಾಳುಗಳನ್ನು ಪೂರ್ತಿ ನಿರ್ನಾಮ ಮಾಡಲು ಹೋಗುವುದಿಲ್ಲ. ಚಿತ್ರದ ಅಗಲ-ಎತ್ತರಗಳನ್ನು ಅರ್ಧಕ್ಕಿಳಿಸಿದರೆ ನಾಲ್ಕು ಪಿಕ್ಸೆಲ್‌ಗಳು ಒಂದಾಗಿ ಬೆರೆತು, ನಾಯ್ಸ್ ಸಹ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಬಣ್ಣ ಕೆಟ್ಟಿದ್ದರೆ ಕಪ್ಪು-ಬಿಳುಪಿಗೆ ತಿರುಗಿಸಬಹುದು. ಗೋಡೆಗೆ ತೂಗುಹಾಕಲು ಒದಗದ ಚಿತ್ರವೂ ಅಂಗೈಯಗಲದ ಮುದ್ರಣದಲ್ಲಿ, ಚುಟ್ಟಿಗಳ ಸಮೇತ, ನಂಬಿಕೆಗೆ ಅರ್ಹವಾಗಿ ಉಳಿಯುತ್ತದೆ.